ಪಾತ್ರದ ಕಣ್ಣು, ಲೇಖಕರ ದಿನಚರಿ

ಕಾದಂಬರಿಯೊಂದರ ನಡುವಿನಲ್ಲಿರುವ ಲೇಖಕರು ಪಾತ್ರೆ ತೊಳೆಯುತ್ತಲೋ, ಬಟ್ಟೆ ಮಡಿಸುತ್ತಲೋ ಇರುವಾಗ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, ಯಾರೋ ಹೇಳಿದ್ದನ್ನು ಕೇಳಿಸಿಕೊಂಡವರ ಹಾಗೆ ಪೆನ್ನು ಹುಡುಕಲು ಓಡುವುದುಂಟು. ಮನೆಯಲ್ಲಿದ್ದ ಬೇರೆ ಯಾರಿಗೂ ಏನೂ ಕೇಳಿಸಿರುವುದಿಲ್ಲ. ಮೂರು ದಿನಗಳಿಂದ ಬಾಯಿ ಬಿಡದೆ ಕುಳಿತಿದ್ದ ಪಾತ್ರವೊಂದು ಆ ಕ್ಷಣದಲ್ಲಿ ಮಾತಾಡಿರುತ್ತದೆ. ಆ ಮಾತನ್ನು ಆಗಲೇ ಬರೆದುಕೊಳ್ಳದಿದ್ದರೆ ಅದು ಮತ್ತೆ ಅದೇ ಧಾಟಿಯಲ್ಲಿ ಬರುವುದಿಲ್ಲವೆಂಬುದು ಅವರಿಗೆ ಅನುಭವದಿಂದ ಗೊತ್ತಿರುತ್ತದೆ.

ಲೇಖಕರು ಇಂಥದ್ದನ್ನು ಹೇಳಿಕೊಂಡಾಗ ಅದನ್ನು ಬರೀ ಅಲಂಕಾರದ ಮಾತೆಂದು ಬದಿಗಿಡುವವರೇ ಹೆಚ್ಚು. ಆದರೆ ಎಡಿನ್‌ಬರೋ ಅಂತರರಾಷ್ಟ್ರೀಯ ಪುಸ್ತಕೋತ್ಸವಕ್ಕೆ ಬಂದಿದ್ದ 181 ಲೇಖಕರನ್ನು ಡರ್ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು ಈ ಬಗ್ಗೆ ನೇರವಾಗಿ ಪ್ರಶ್ನಿಸಿ, 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರಲ್ಲಿ ಶೇ. 63ರಷ್ಟು ಮಂದಿಗೆ ಬರೆಯುವಾಗ ತಮ್ಮ ಪಾತ್ರಗಳ ದನಿ ಕೇಳಿಸುತ್ತದೆ, ಶೇ. 61ರಷ್ಟು ಮಂದಿ ತಮ್ಮ ಪಾತ್ರಗಳು ತಮ್ಮಷ್ಟಕ್ಕೆ ತಾವೇ ನಡೆದುಕೊಳ್ಳಬಲ್ಲವು ಎಂದಿದ್ದಾರೆ. ಅಂದರೆ ಇದು ಬೆರಳೆಣಿಕೆಯ ಭಾವುಕರ ಅನುಭವವಲ್ಲ, ಕಸುಬಿನಲ್ಲಿರುವ ಹೆಚ್ಚಿನವರ ಅನುಭವ.

ಕಥೆಗಳು ಬರೆಯುವವರ ಬದುಕಿಗೆ ಪ್ರೇರಣೆಯಾಗುತ್ತವೆ ಎಂದಾಗ ನಾವು ಸಾಮಾನ್ಯವಾಗಿ ಅರ್ಥಮಾಡಿಕೊಳ್ಳುವುದು ಧೀರನಾದ ನಾಯಕನನ್ನು ಮೆಚ್ಚಿ ತಾನೂ ಹಾಗಾಗಲು ಯತ್ನಿಸುವುದನ್ನು. ಅದೂ ನಡೆಯುವುದುಂಟಾದರೂ ನನ್ನ ಮಟ್ಟಿಗೆ ಅದು ಈ ವಿಷಯದ ತೀರ ಮೇಲುಪದರ. ಪಾತ್ರವೊಂದು ತನ್ನನ್ನು ಬರೆದವರಿಗೆ ಕೊಡುವ ನಿಜವಾದ ಕೊಡುಗೆ ಅದರ ಗಮನ. ಯಾವುದನ್ನು ಮೊದಲು ನೋಡಬೇಕು, ಯಾವುದರ ಬಳಿ ತಡೆದು ನಿಲ್ಲಬೇಕು, ಯಾವ ಮಾತಿಗೆ ತಕ್ಷಣ ಉತ್ತರ ಕೊಡಬಾರದು ಎಂಬ ಒಂದು ರೂಢಿ ಪಾತ್ರದಿಂದ ಲೇಖಕರಿಗೆ ದಾಟುತ್ತದೆ. ಆ ದಾಟುವಿಕೆ ಹೇಗೆ ಆಗುತ್ತದೆಂಬುದನ್ನು ಬಿಡಿಸಿ ನೋಡಬಹುದು.

ಮೊದಲಿಗೆ, ತಾನೇ ಕಟ್ಟಿದ ಪಾತ್ರ ತನ್ನ ಮಾತು ಕೇಳದಂತಾಗುವುದು ಹೇಗೆ ಎಂಬ ಪ್ರಶ್ನೆ. ಮಕ್ಕಳ ಕಾಲ್ಪನಿಕ ಗೆಳೆಯರ ಬಗ್ಗೆ ದೀರ್ಘಕಾಲ ಕೆಲಸ ಮಾಡಿದ ಮನೋವಿಜ್ಞಾನಿ ಮಾರ್ಜರಿ ಟೇಲರ್ ಮತ್ತು ಅವರ ಸಂಗಡಿಗರು 2003ರಲ್ಲಿ 50 ಮಂದಿ ಕಥೆಗಾರರನ್ನು ಸಂದರ್ಶಿಸಿದ ಅಧ್ಯಯನವನ್ನು ಪ್ರಕಟಿಸಿದರು. ಅವರಲ್ಲಿ ಶೇ. 92ರಷ್ಟು ಮಂದಿ ಒಂದಲ್ಲ ಒಂದು ಮಟ್ಟದಲ್ಲಿ, ಪಾತ್ರ ತನ್ನ ಇಚ್ಛೆಯಂತೆ ವರ್ತಿಸಿದ ಅನುಭವವನ್ನು ಹೇಳಿಕೊಂಡರು. ಇದನ್ನು ಸ್ವತಂತ್ರ ಕರ್ತೃತ್ವದ ಭ್ರಮೆ ಎನ್ನಬಹುದು. ಟೇಲರ್ ಕೊಟ್ಟ ವಿವರಣೆ ಸರಳವಾಗಿದೆ, ಮತ್ತು ನನಗೆ ಅದು ಸರಿಯೆನಿಸುತ್ತದೆ. ವೀಣೆ ಕಲಿಯುವವರು ಮೊದಮೊದಲು ಪ್ರತಿಯೊಂದು ಬೆರಳನ್ನೂ ಲೆಕ್ಕಹಾಕಿ ಇಡುತ್ತಾರೆ. ವರ್ಷಗಳ ಅಭ್ಯಾಸದ ಮೇಲೆ ಬೆರಳು ತಾನಾಗಿಯೇ ಓಡುತ್ತದೆ, ಓಡಿಸುತ್ತಿರುವವರು ತಾವೇ ಎಂಬುದು ಅರಿವಿಗೆ ಬರುವುದಿಲ್ಲ. ಬೇರೊಬ್ಬರ ಮನಸ್ಸನ್ನು ಊಹಿಸುವುದೂ ಹಾಗೆಯೇ ಒಂದು ಪಳಗಿದ ಕೌಶಲ. ಇವಳು ಹೀಗೆ ಯೋಚಿಸುತ್ತಾಳೆ, ಇಂಥ ಮಾತಿಗೆ ಇವಳು ಸಿಡುಕುತ್ತಾಳೆ ಎಂದು ನೂರಾರು ಸಲ ಊಹಿಸಿದ ಮೇಲೆ ಊಹಿಸುವ ಕೆಲಸ ಅರಿವಿನ ಕೆಳಗೆ ಇಳಿಯುತ್ತದೆ, ಅದರ ಫಲ ಮಾತ್ರ ಮೇಲೆ ಬರುತ್ತದೆ. ಶ್ರಮ ಕಾಣದೆ ಫಲವಷ್ಟೇ ಕಂಡಾಗ ಅದು ಬೇರೆಯವರಿಂದ ಬಂದಂತೆ ತೋರುತ್ತದೆ. ಅದೇ ಅಧ್ಯಯನದಲ್ಲಿ, ಕೃತಿ ಪ್ರಕಟಿಸಿದ್ದವರಿಗೆ ಈ ಅನುಭವ ಉಳಿದವರಿಗಿಂತ ಹೆಚ್ಚು ಸಲ ಆಗಿದ್ದುದು ಈ ವಿವರಣೆಗೆ ಚೆನ್ನಾಗಿ ಹೊಂದುತ್ತದೆ.

ಇಟಲಿಯ ನಾಟಕಕಾರ ಲುಯಿಜಿ ಪಿರಾಂದೆಲ್ಲೊ ಈ ಅನುಭವವನ್ನೇ ರಂಗದ ಮೇಲೆ ತಂದರು. 1921ರಲ್ಲಿ ರೋಮ್‌ನಲ್ಲಿ ಮೊದಲು ಪ್ರದರ್ಶನಗೊಂಡ ಅವರ ನಾಟಕದಲ್ಲಿ ಆರು ಪಾತ್ರಗಳು ತಮ್ಮನ್ನು ಅರ್ಧಕ್ಕೆ ಬಿಟ್ಟ ಲೇಖಕನ ಬದಲಿಗೆ ಬೇರೊಬ್ಬನನ್ನು ಹುಡುಕಿಕೊಂಡು ತಾಲೀಮು ನಡೆಯುತ್ತಿರುವ ರಂಗಮಂದಿರಕ್ಕೆ ಬಂದುಬಿಡುತ್ತವೆ. ಅರ್ಧಕ್ಕೆ ಬಿಟ್ಟ ಎಂಬ ಮಾತನ್ನು ನಾನು ಬೇಕೆಂದೇ ಎತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮೇಜಿನ ಬಳಿ ಇರಬೇಕಾದ ಪಾತ್ರ ನಮ್ಮ ದಿನಚರಿಯೊಳಕ್ಕೆ ನುಗ್ಗುವುದಕ್ಕೆ ಅರ್ಧವಾಗಿರುವುದೇ ಕಾರಣ. ಮನೋವಿಜ್ಞಾನಿ ಬ್ಲೂಮಾ ಜೈಗಾರ್ನಿಕ್ ಬರ್ಲಿನ್‌ನಲ್ಲಿ ನಡೆಸಿ 1927ರಲ್ಲಿ ಪ್ರಕಟಿಸಿದ ಪ್ರಯೋಗಗಳ ಆಧಾರದಲ್ಲಿ, ಮುಗಿದ ಕೆಲಸಕ್ಕಿಂತ ನಡುವೆ ತಡೆಯಲ್ಪಟ್ಟ ಕೆಲಸ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದರು. ನೆನಪಿನ ಕುರಿತ ಆ ಫಲಿತಾಂಶ ಆಮೇಲಿನ ಪ್ರಯೋಗಗಳಲ್ಲಿ ಎಲ್ಲ ಕಡೆ ದೃಢಪಡಲಿಲ್ಲ. ಆದರೆ ಅದೇ ಸಂಶೋಧನಾ ಗುಂಪಿನ ಮರಿಯಾ ಓವ್ಸಿಯಾಂಕಿನಾ ಗುರುತಿಸಿದ ಇನ್ನೊಂದು ಸಂಗತಿ, ಅಂದರೆ ಅರ್ಧಕ್ಕೆ ನಿಂತ ಕೆಲಸಕ್ಕೆ ಯಾರೂ ಹೇಳದೆಯೇ ಮರಳುವ ಸೆಳೆತ, ಹೆಚ್ಚು ಗಟ್ಟಿಯಾಗಿ ನಿಂತಿದೆ. ಕಾದಂಬರಿ ಎಂದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅರ್ಧಕ್ಕೆ ನಿಂತಿರುವ ಕೆಲಸ.

ಅದರ ಜೊತೆಗೆ ಮನಸ್ಸು ಅಲೆಯುವ ಹೊತ್ತುಗಳನ್ನೂ ಸೇರಿಸಿಕೊಳ್ಳಬೇಕು. ವೃತ್ತಿಪರ ಲೇಖಕರು ಮತ್ತು ಭೌತವಿಜ್ಞಾನಿಗಳು ತಮ್ಮ ದಿನದ ಮುಖ್ಯ ಹೊಳಹುಗಳನ್ನು ದಾಖಲಿಸಿಕೊಂಡ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಸುಮಾರು ಐದರಲ್ಲೊಂದು ಭಾಗ ಹೊಳೆದದ್ದು ಅವರು ಬೇರೇನೋ ಮಾಡುತ್ತ, ಬೇರೇನನ್ನೋ ಯೋಚಿಸುತ್ತಿದ್ದಾಗ. ಎಲ್ಲಿಯೋ ಸಿಕ್ಕಿಬಿದ್ದಿದ್ದ ಗಂಟು ಬಿಡಿಸಿದ ಹೊಳಹುಗಳು ಹೀಗೆ ಬಂದವುಗಳಲ್ಲಿ ಹೆಚ್ಚಾಗಿದ್ದವು. ಪಾತ್ರೆ ತೊಳೆಯುವಾಗ ಪಾತ್ರ ಮಾತಾಡುವುದರ ಗುಟ್ಟು ಇಷ್ಟೇ. ಕೈಗೆ ಕೆಲಸವಿದೆ, ಮನಸ್ಸಿಗೆ ಇಲ್ಲ. ಅರ್ಧಕ್ಕೆ ನಿಂತದ್ದು ಆ ಬಿಡುವಿನಲ್ಲಿ ಮೇಲೇಳುತ್ತದೆ. ಹಾಗಾಗಿ ಬರವಣಿಗೆಯ ಹೊತ್ತು, ಬದುಕುವ ಹೊತ್ತು ಎಂದು ದಿನವನ್ನು ಎರಡು ಪಾಲು ಮಾಡುವುದು ಲೇಖಕರಿಗೆ ಪೂರ್ತಿಯಾಗಿ ಸಾಧ್ಯವಾಗುವುದೇ ಇಲ್ಲ.

ಬಂದ ಪಾತ್ರ ಮಾಡುವುದೇನು? ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ನಿದರ್ಶನ ಆರ್ಥರ್ ಕಾನನ್ ಡಾಯ್ಲ್ ಅವರದು. ಎಡಿನ್‌ಬರೋದಲ್ಲಿ ವೈದ್ಯಕೀಯ ಓದುತ್ತಿದ್ದಾಗ ಅವರಿಗೆ ಜೋಸೆಫ್ ಬೆಲ್ ಎಂಬ ಗುರುಗಳಿದ್ದರು. ರೋಗಿ ಬಾಯಿ ತೆರೆಯುವ ಮೊದಲೇ ಅವನ ಕೈ, ನಡಿಗೆ, ಬಟ್ಟೆಗಳನ್ನು ನೋಡಿ ಅವನ ಕಸುಬನ್ನೂ ಕಾಯಿಲೆಯನ್ನೂ ಹೇಳುತ್ತಿದ್ದುದು ಅವರ ಖ್ಯಾತಿ. 1887ರಲ್ಲಿ ಮೊದಲು ಓದುಗರೆದುರು ಬಂದ ಪತ್ತೇದಾರ ಷರ್ಲಾಕ್ ಹೋಮ್ಸ್‌ಗೆ ತಾನು ಬೆಲ್ ಅವರಿಗೇ ಋಣಿ ಎಂದು ಡಾಯ್ಲ್ ಮುಂದೆ ಅವರಿಗೆ ಪತ್ರ ಬರೆದರು. ಇಲ್ಲಿಯವರೆಗಿನ ದಾರಿ ಎಲ್ಲರಿಗೂ ತಿಳಿದದ್ದೇ: ಬದುಕಿನಿಂದ ಕಥೆಗೆ. ಅದೇ ದಾರಿಯಲ್ಲಿ ಕಥೆಯಿಂದ ಬದುಕಿಗೆ ಮರಳಿ ಬಂದದ್ದು ಇಪ್ಪತ್ತು ವರ್ಷಗಳ ಮೇಲೆ.

1903ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಜಾರ್ಜ್ ಎಡಾಲ್ಜಿ ಎಂಬ ಯುವ ವಕೀಲನಿಗೆ, ರಾತ್ರಿಯ ವೇಳೆ ಹೊಲದಲ್ಲಿ ಕುದುರೆಯೊಂದನ್ನು ಇರಿದನೆಂಬ ಆರೋಪದ ಮೇಲೆ ಏಳು ವರ್ಷಗಳ ಶಿಕ್ಷೆಯಾಯಿತು. ಅವನ ತಂದೆ ಮುಂಬಯಿಯ ಪಾರ್ಸಿ ಮೂಲದವರು, ಸ್ಟಾಫರ್ಡ್‌ಶೈರ್‌ನ ಚರ್ಚೊಂದರ ಪಾದ್ರಿ. ಮೂರು ವರ್ಷಗಳ ನಂತರ ಬಿಡುಗಡೆಯಾದ ಎಡಾಲ್ಜಿ ತನ್ನ ಹೆಸರಿಗೆ ಹತ್ತಿದ ಕಳಂಕವನ್ನು ತೊಳೆಯಲು ಡಾಯ್ಲ್ ಅವರ ನೆರವು ಕೋರಿದ. ಲಂಡನ್ನಿನ ಹೋಟೆಲೊಂದರಲ್ಲಿ ಭೇಟಿ ಗೊತ್ತಾಗಿತ್ತು. ತಡವಾಗಿ ಬಂದ ಡಾಯ್ಲ್ ಬಾಗಿಲಲ್ಲೇ ನಿಂತು, ಕಾಯುತ್ತ ಕುಳಿತಿದ್ದ ಎಡಾಲ್ಜಿ ವೃತ್ತಪತ್ರಿಕೆಯನ್ನು ಕಣ್ಣಿಗೆ ತೀರ ಹತ್ತಿರ, ಅದೂ ಓರೆಯಾಗಿ ಹಿಡಿದು ಓದುತ್ತಿರುವುದನ್ನು ಗಮನಿಸಿದರು. ಒಂದು ಮಾತೂ ಆಡುವ ಮೊದಲೇ ಅವರಿಗೆ ಗೊತ್ತಾಯಿತು: ಇಷ್ಟು ದೃಷ್ಟಿದೋಷವುಳ್ಳವನು ಕತ್ತಲೆಯಲ್ಲಿ ಹೊಲಗಳನ್ನು ದಾಟಿ ಹೋಗಿ ಪ್ರಾಣಿಯನ್ನು ಇರಿದು ಮರಳುವುದು ಆಗದ ಮಾತು. 1907ರ ಜನವರಿಯಲ್ಲಿ ಅವರು ಪತ್ರಿಕೆಯಲ್ಲಿ ಬರೆದ ಲೇಖನಗಳಿಂದ ದೊಡ್ಡ ಚರ್ಚೆ ಎದ್ದಿತು. ಅದೇ ವರ್ಷ ಎಡಾಲ್ಜಿಗೆ ಆ ಅಪರಾಧದ ಮಟ್ಟಿಗೆ ಕ್ಷಮೆ ಸಿಕ್ಕಿತು, ಪರಿಹಾರಧನ ಮಾತ್ರ ಸಿಗಲಿಲ್ಲ. ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಅದೇ 1907ರ ಕಾಯಿದೆಯಿಂದ ಸ್ಥಾಪನೆಯಾಗಲು ಈ ಪ್ರಕರಣವೂ ಒಂದು ಕಾರಣವಾಯಿತು.

ಡಾಯ್ಲ್ ಕಣ್ಣಿನ ವೈದ್ಯಕೀಯದಲ್ಲಿ ತರಬೇತಿ ಪಡೆದಿದ್ದವರು, ಆದ್ದರಿಂದ ದೃಷ್ಟಿದೋಷವನ್ನು ಗುರುತಿಸಿದ್ದರಲ್ಲಿ ಹೋಮ್ಸ್‌ನ ಪಾಲೇನಿದೆ ಎಂದು ಕೇಳಬಹುದು. ಕಣ್ಣಿನ ದೋಷವನ್ನು ಯಾವ ಒಳ್ಳೆಯ ವೈದ್ಯರಾದರೂ ಕಂಡಾರು. ಹೋಟೆಲಿನ ಬಾಗಿಲಲ್ಲಿ ನಿಂತು, ಪತ್ರಿಕೆ ಹಿಡಿದ ಕೈಯಿಂದ ಕಣ್ಣಿಗೆ, ಕಣ್ಣಿನಿಂದ ಮೂರು ವರ್ಷ ಹಿಂದಿನ ಕತ್ತಲೆಯ ಹೊಲಕ್ಕೆ ಒಂದೇ ಉಸಿರಿನಲ್ಲಿ ದಾರಿ ಹಾಕಲು ಮಾತ್ರ ಬೇರೊಂದು ರೂಢಿ ಬೇಕು. ಆ ರೂಢಿಯನ್ನು ಡಾಯ್ಲ್ ವರ್ಷಗಟ್ಟಲೆ ಕಾಗದದ ಮೇಲೆ ಹೋಮ್ಸ್‌ನ ಹೆಸರಿನಲ್ಲಿ ಸಾಧಕ ಮಾಡಿದ್ದರು. ಇದೇ ಡಾಯ್ಲ್ 1891ರಷ್ಟು ಹಿಂದೆಯೇ, ಹೋಮ್ಸ್ ತನ್ನ ಮನಸ್ಸನ್ನು ಇನ್ನೂ ಒಳ್ಳೆಯ ಕೆಲಸಗಳಿಂದ ದೂರ ಸೆಳೆಯುತ್ತಿದ್ದಾನೆ, ಅವನನ್ನು ಮುಗಿಸಿಬಿಡಬೇಕು ಎಂದು ತಾಯಿಗೆ ಬರೆದು, 1893ರಲ್ಲಿ ಕಥೆಯೊಳಗೆ ಅವನನ್ನು ಪ್ರಪಾತಕ್ಕೆ ತಳ್ಳಿದ್ದರು ಎಂಬುದನ್ನು ನೆನೆದರೆ ಈ ಘಟನೆಯ ತೂಕ ಇನ್ನೂ ಹೆಚ್ಚುತ್ತದೆ. ಬೇಡವೆಂದು ತಳ್ಳಿದ ಪಾತ್ರದ ಕಣ್ಣು ತಳ್ಳಿದವರಲ್ಲೇ ಉಳಿದಿತ್ತು.

ಪಾತ್ರದ ಕಣ್ಣು ನಮ್ಮದಾಗುವಾಗ ನಮ್ಮ ಕಣ್ಣು ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನನಗೆ ಮತ್ತೆ ಮತ್ತೆ ಎದುರಾದ ವಸ್ತು ಕನ್ನಡಿ. ಜೆಫ್ ಕಾಫ್‌ಮನ್ ಮತ್ತು ಲೀಸಾ ಲಿಬ್ಬಿ 2012ರಲ್ಲಿ ಪ್ರಕಟಿಸಿದ ಸರಣಿ ಪ್ರಯೋಗಗಳಲ್ಲಿ, ಓದುಗರು ಪಾತ್ರದ ಅನುಭವವನ್ನು ತಮ್ಮದೇ ಎಂಬಂತೆ ಒಳಗೆ ತೆಗೆದುಕೊಳ್ಳುವುದನ್ನು ಅಳೆಯಲು ಯತ್ನಿಸಿದರು. ಒಂದು ಪ್ರಯೋಗದಲ್ಲಿ, ಮತದಾನದ ದಿನ ಎದುರಾದ ಅಡ್ಡಿಗಳನ್ನೆಲ್ಲ ದಾಟಿ ಮತ ಹಾಕಿದ ವಿದ್ಯಾರ್ಥಿಯ ಕಥೆಯನ್ನು ಚುನಾವಣೆಗೆ ಸ್ವಲ್ಪ ಮೊದಲು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ಕಥೆ "ನಾನು" ಎಂದು ಉತ್ತಮಪುರುಷದಲ್ಲಿದ್ದು, ಆ ಪಾತ್ರ ತಮ್ಮದೇ ವಿಶ್ವವಿದ್ಯಾಲಯದ್ದಾಗಿದ್ದಾಗ ಓದಿದವರಲ್ಲಿ ಶೇ. 65ರಷ್ಟು ಮಂದಿ ಮತ ಹಾಕಿದರು. ಅದೇ ಉತ್ತಮಪುರುಷದ ಕಥೆಯ ಪಾತ್ರ ಬೇರೆ ವಿಶ್ವವಿದ್ಯಾಲಯದ್ದಾಗಿದ್ದಾಗ ಶೇ. 29ರಷ್ಟು ಮಂದಿ ಮಾತ್ರ. ನನ್ನ ಗಮನ ಸೆಳೆದದ್ದು ಇನ್ನೊಂದು ಪ್ರಯೋಗ. ಅದರಲ್ಲಿ ಕೆಲವರನ್ನು ಎದುರಿಗೆ ಕನ್ನಡಿಯಿಟ್ಟು ಓದಲು ಕೂರಿಸಲಾಯಿತು. ತಮ್ಮ ಮುಖ ಕಾಣುತ್ತಿದ್ದವರು ಪಾತ್ರದೊಳಗೆ ಅಷ್ಟಾಗಿ ಹೋಗಲಾರದವರಾದರು. ತಾನು ಯಾರೆಂಬ ನೆನಪು ಎದುರಿಗೆ ನಿಂತಿರುವಷ್ಟು ಹೊತ್ತು ಬೇರೊಬ್ಬರಾಗುವುದು ಕಷ್ಟ.

ನಮ್ಮ ಕಾವ್ಯಮೀಮಾಂಸೆ ಓದಿದವರಿಗೆ ಇದು ಹೊಸದಾಗಿ ಕೇಳಿಸುವುದಿಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತ, ರಸಾನುಭವಕ್ಕೆ ಅಡ್ಡಬರುವ ವಿಘ್ನಗಳನ್ನು ಎಣಿಸುವಾಗ ತನ್ನದೇ ಸುಖದುಃಖಗಳಿಗೆ ವಶವಾಗಿರುವುದನ್ನು ಅವುಗಳಲ್ಲೊಂದಾಗಿ ಹೇಳುತ್ತಾನೆ. ಅವನಿಗಿಂತ ಹಿಂದಿನ ಭಟ್ಟನಾಯಕ ಸಾಧಾರಣೀಕರಣ ಎಂಬ ಪರಿಕಲ್ಪನೆಯನ್ನು ಮುಂದಿಟ್ಟಿದ್ದ. ರಂಗದ ಮೇಲಿನ ದುಃಖ ಇಂಥವನದ್ದು, ನನ್ನದು, ನನ್ನ ವೈರಿಯದು ಎಂಬ ಗುರುತುಗಳನ್ನೆಲ್ಲ ಕಳಚಿಕೊಂಡು, ಯಾರದೂ ಅಲ್ಲದ, ಆದ್ದರಿಂದ ಎಲ್ಲರದೂ ಆಗಬಲ್ಲ ದುಃಖವಾಗುವುದೇ ಸಾಧಾರಣೀಕರಣ. ಭಟ್ಟನಾಯಕನ ಗ್ರಂಥ ನಮಗೆ ಉಳಿದಿಲ್ಲ, ಅದರ ವಿಚಾರಗಳು ಅಭಿನವಗುಪ್ತನೇ ಮೊದಲಾದವರ ಉಲ್ಲೇಖಗಳಿಂದ ತಿಳಿದುಬರುತ್ತವೆ. ಆ ಗ್ರಂಥದ ಹೆಸರು ಹೃದಯದರ್ಪಣ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಸಹೃದಯ ಯಾರೆಂದು ಹೇಳುವಾಗ ಅಭಿನವಗುಪ್ತನೂ ಕನ್ನಡಿಯ ಹೋಲಿಕೆಯನ್ನೇ ಬಳಸುತ್ತಾನೆ: ಕಾವ್ಯವನ್ನು ಮತ್ತೆ ಮತ್ತೆ ಓದಿ ಮನನ ಮಾಡಿದ ಅಭ್ಯಾಸದಿಂದ ಮನಸ್ಸೆಂಬ ಕನ್ನಡಿ ತಿಳಿಯಾಗಿ, ವರ್ಣಿತವಾದದ್ದರಲ್ಲಿ ತನ್ಮಯರಾಗುವ ಯೋಗ್ಯತೆ ಪಡೆದವರು ಸಹೃದಯರು. ಪ್ರಯೋಗಶಾಲೆಯ ಕನ್ನಡಿ ನಮ್ಮ ಮುಖವನ್ನೇ ನಮಗೆ ತೋರಿಸಿ ಪಾತ್ರವನ್ನು ಹೊರಗಿಡುತ್ತದೆ. ಅಭಿನವಗುಪ್ತನ ಕನ್ನಡಿ ತನ್ನ ಧೂಳು ಕಳೆದುಕೊಂಡು, ಎದುರಿಗೆ ಬಂದದ್ದನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಮೂರನೆಯ ಕನ್ನಡಿಯೊಂದು ಚಾರ್ಲ್ಸ್ ಡಿಕನ್ಸ್ ಅವರ ಬರೆಯುವ ಕೋಣೆಯಲ್ಲಿತ್ತು. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಅವರ ಮಗಳು ಮೇಮಿಗೆ ಒಮ್ಮೆ ಆ ಕೋಣೆಯ ಸೋಫಾದ ಮೇಲೆ ಮಲಗಿರಲು ಅನುಮತಿ ಸಿಕ್ಕಿತ್ತು. ರಭಸದಿಂದ ಬರೆಯುತ್ತಿದ್ದ ತಂದೆ ಇದ್ದಕ್ಕಿದ್ದಂತೆ ಕುರ್ಚಿಯಿಂದ ಹಾರಿ ಕನ್ನಡಿಯ ಬಳಿ ಹೋಗಿ, ಮುಖವನ್ನು ವಿಚಿತ್ರವಾಗಿ ತಿರುಚಿ, ಮರಳಿ ಬಂದು ಬರೆದು, ಮತ್ತೆ ಕನ್ನಡಿಗೆ ಓಡಿದರು. ಆಮೇಲೆ ಯಾರೊಂದಿಗೋ ಎಂಬಂತೆ ಮೆಲುದನಿಯಲ್ಲಿ ವೇಗವಾಗಿ ಮಾತಾಡತೊಡಗಿದರು. ಮಗಳು ಅಲ್ಲಿಯೇ ಇದ್ದಾಳೆಂಬುದು ಅವರ ಅರಿವಿನಲ್ಲೇ ಇರಲಿಲ್ಲ. ಕನ್ನಡಿಯಲ್ಲಿ ಅವರು ನೋಡುತ್ತಿದ್ದುದು ತನ್ನ ಮುಖವನ್ನಲ್ಲ, ತನ್ನ ಮುಖದಲ್ಲಿ ಮೂಡುತ್ತಿದ್ದ ಬೇರೊಬ್ಬರನ್ನು. ಪಾತ್ರ ಬರೀ ವಿಚಾರವಾಗಿ ಬರುವುದಿಲ್ಲ, ಮೈಗೆ ಬರುತ್ತದೆ ಎಂಬುದಕ್ಕೆ ಫ್ರೆಂಚ್ ಕಾದಂಬರಿಕಾರ ಫ್ಲೋಬೇರ್ ಅವರ ಸಾಕ್ಷ್ಯವೂ ಇದೆ. ನಾಯಕಿ ವಿಷ ಸೇವಿಸುವ ಪ್ರಸಂಗವನ್ನು ಬರೆಯುವಾಗ ತನ್ನ ಬಾಯಲ್ಲಿಯೇ ಆರ್ಸೆನಿಕ್‌ನ ರುಚಿ ಹತ್ತಿ ಅಜೀರ್ಣವಾಯಿತೆಂದು ಅವರು 1866ರ ಪತ್ರವೊಂದರಲ್ಲಿ ತಿಳಿಸಿದ್ದಾರೆ. ಇಷ್ಟು ಆಳಕ್ಕೆ ಇಳಿದದ್ದು ಬರವಣಿಗೆ ನಿಲ್ಲಿಸಿದ ಕೂಡಲೇ ಮೈಬಿಟ್ಟು ಹೋದೀತೆಂದು ನಿರೀಕ್ಷಿಸುವುದು ಹೇಗೆ? ಬರೆಯದೆ ಬರೀ ಓದಿದವರನ್ನೂ ಅದು ಬಿಡುವುದಿಲ್ಲ. 2017ರಲ್ಲಿ ಪ್ರಕಟವಾದ, 1,500ಕ್ಕೂ ಹೆಚ್ಚು ಓದುಗರ ಸಮೀಕ್ಷೆಯೊಂದರಲ್ಲಿ ಶೇ. 19ರಷ್ಟು ಮಂದಿ, ಪುಸ್ತಕ ಕೆಳಗಿಟ್ಟ ಮೇಲೂ ಪಾತ್ರದ ದನಿ ತಮ್ಮೊಡನೆ ಇರುತ್ತದೆ, ತಮ್ಮ ಯೋಚನೆಯ ಧಾಟಿಯನ್ನೇ ಬದಲಿಸುತ್ತದೆ ಎಂದಿದ್ದರು.

ಇನ್ನು, ತನ್ನಿಂದ ತಾನು ದೂರ ಸರಿಯುವುದರ ಪ್ರಯೋಜನ. ರೇಚಲ್ ವೈಟ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಲ್ಕು ಮತ್ತು ಆರು ವರ್ಷದ 180 ಮಕ್ಕಳಿಗೆ ಬೇಸರ ಹಿಡಿಸುವ ಕೆಲಸವೊಂದನ್ನು ಹತ್ತು ನಿಮಿಷ ಮಾಡಲು ಹೇಳಿ, ಬೇಕೆನಿಸಿದಾಗ ಬಿಟ್ಟು ಟ್ಯಾಬ್ಲೆಟ್‌ನಲ್ಲಿ ಆಟವಾಡಬಹುದೆಂದು ಬಿಡಲಾಯಿತು. ಕೆಲವರಿಗೆ "ನಾನು ಚೆನ್ನಾಗಿ ದುಡಿಯುತ್ತಿದ್ದೇನೆಯೇ" ಎಂದೂ, ಕೆಲವರಿಗೆ ತಮ್ಮ ಹೆಸರನ್ನೇ ಹೇಳಿಕೊಂಡು ಅದೇ ಪ್ರಶ್ನೆಯನ್ನೂ ಕೇಳಿಕೊಳ್ಳಲು ಕಲಿಸಲಾಯಿತು. ಇನ್ನು ಕೆಲವರು ಬ್ಯಾಟ್‌ಮ್ಯಾನ್‌ನಂಥ ಪಾತ್ರದ ವೇಷ ತೊಟ್ಟು, "ಬ್ಯಾಟ್‌ಮ್ಯಾನ್ ಚೆನ್ನಾಗಿ ದುಡಿಯುತ್ತಿದ್ದಾನೆಯೇ" ಎಂದು ಕೇಳಿಕೊಂಡರು. ಹೆಚ್ಚು ಹೊತ್ತು ಕೆಲಸದಲ್ಲಿ ನಿಂತವರು ವೇಷ ತೊಟ್ಟವರು. ದೊಡ್ಡವರಲ್ಲಿಯೂ ತನ್ನ ಕಷ್ಟವನ್ನು ತುಸು ದೂರದಿಂದ, ಬೇರೊಬ್ಬರದೆಂಬಂತೆ ನೋಡಿದಾಗ ಉದ್ವೇಗ ತಗ್ಗುತ್ತದೆಂದು ಈಥನ್ ಕ್ರಾಸ್ ಮತ್ತು ಇತರರು 2014ರಲ್ಲಿ ತೋರಿಸಿದರು. ಲೇಖಕರು ಈ ದೂರವನ್ನು ಕಸುಬಿನ ಭಾಗವಾಗಿಯೇ ಪ್ರತಿದಿನ ಸಾಧಿಸುತ್ತಿರುತ್ತಾರೆ.

ನನ್ನದೇ ಒಂದು ಅನುಭವವನ್ನು ಇಲ್ಲಿ ಹೇಳಬೇಕು. ಕೆಲವು ವರ್ಷ ನನ್ನ ಜೊತೆಗಿದ್ದ ಪಾತ್ರ ಗಡಿಯಾರ ರಿಪೇರಿ ಮಾಡುವ ಒಬ್ಬ ಮುದುಕ. ಅವನನ್ನು ಬರೆಯುವುದಕ್ಕಾಗಿ ಆ ಕೆಲಸ ಮಾಡುವವರ ಕೈಗಳನ್ನು ನಾನು ತುಂಬ ಹೊತ್ತು ನೋಡಿದ್ದೆ. ಗಡಿಯಾರ ಬಿಚ್ಚುವವರು ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಬಿಳಿಯ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಎಲ್ಲವನ್ನೂ ಇಟ್ಟು ಮುಗಿಯುವ ತನಕ ದೋಷ ಎಲ್ಲಿದೆಯೆಂದು ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಮುದುಕ ಮನುಷ್ಯರ ಮಾತನ್ನೂ ಹಾಗೆಯೇ ಕೇಳಿಸಿಕೊಳ್ಳುವವನಾಗಿ ಬೆಳೆದ. ಆ ದಿನಗಳಲ್ಲಿ ನನಗೆ ತೀರ ಆಪ್ತರಾದವರೊಬ್ಬರೊಂದಿಗೆ ಮಾತು ಮುರಿದು, ಅವರಾಡಿದ ಒಂದೇ ಒಂದು ವಾಕ್ಯವನ್ನು ನಾನು ವಾರಗಟ್ಟಲೆ ಮನಸ್ಸಿನಲ್ಲಿ ತಿರುವುತ್ತಿದ್ದೆ. ಒಂದು ರಾತ್ರಿ, ಈ ಮುದುಕನಾದರೆ ಏನು ಮಾಡುತ್ತಿದ್ದ ಎಂದು ಕೇಳಿಕೊಂಡಾಗ, ಅವನು ಆ ಒಂದು ವಾಕ್ಯವನ್ನೇ ಹಿಡಿದು ಕೂರುತ್ತಿರಲಿಲ್ಲ ಎಂಬುದು ಹೊಳೆಯಿತು. ಅದರ ಹಿಂದಿನ ಮಾತು, ಅದಕ್ಕೂ ಹಿಂದಿನ ನನ್ನ ಮಾತು, ಅದಕ್ಕೂ ಮೊದಲಿನ ಮೌನ, ಎಲ್ಲವನ್ನೂ ಸಾಲಾಗಿ ಇಡುತ್ತಿದ್ದ. ನಾನು ಕಾಗದ ತೆಗೆದುಕೊಂಡು ಹಾಗೆಯೇ ಬರೆದೆ. ಸಾಲಿನಲ್ಲಿ ಮೂರನೆಯದಾಗಿ ಬಂದದ್ದು ನಾನು ಮರೆತೇಬಿಟ್ಟಿದ್ದ ನನ್ನದೇ ಒಂದು ಮಾತು, ಮತ್ತು ಕೆಟ್ಟಿದ್ದ ಭಾಗ ಅದೇ ಆಗಿತ್ತು.

ಆ ಮುದುಕನಿಗೆ ನನಗಿಂತ ಹೆಚ್ಚು ವಿವೇಕವಿತ್ತು ಎಂದರೆ ತರ್ಕಕ್ಕೆ ನಿಲ್ಲದು, ಅವನಲ್ಲಿದ್ದದ್ದೆಲ್ಲ ನನ್ನಿಂದಲೇ ಹೋದದ್ದು. ಆದರೆ ನನ್ನಲ್ಲಿ ಇದ್ದದ್ದು ಎಲ್ಲ ಹೊತ್ತಿನಲ್ಲೂ ನನ್ನ ಕೈಗೆ ಸಿಗುವುದಿಲ್ಲ. ಅವಮಾನವಾಗಿದೆಯೆಂದು ಕುದಿಯುತ್ತಿರುವ ಮನಸ್ಸಿಗೆ ಅವಮಾನದ ಹೊರಗಿನದೇನೂ ಕಾಣುವುದಿಲ್ಲ. ಪಾತ್ರಕ್ಕೆ ಆ ಅವಮಾನವಿಲ್ಲ, ಆದ್ದರಿಂದ ಅದು ನನ್ನದೇ ತಿಳಿವಳಿಕೆಯನ್ನು ನನಗಿಂತ ಚೆನ್ನಾಗಿ ಬಳಸಬಲ್ಲದು. ತನ್ನ ಸುಖದುಃಖಕ್ಕೆ ವಶವಾಗಿರುವುದೇ ವಿಘ್ನ ಎಂಬ ಅಭಿನವಗುಪ್ತನ ಮಾತು ರಂಗಮಂದಿರದ ಹೊರಗೂ ಹೀಗೆ ನಿಜವಾಗುತ್ತದೆ. ನಾನು ಒಪ್ಪದ, ನನಗೆ ಇಷ್ಟವಾಗದ ಪಾತ್ರಗಳಿಂದ ಬಂದ ಲಾಭ ಇನ್ನೂ ದೊಡ್ಡದು. ವಯಸ್ಸಾದ ತಂದೆಯನ್ನು ಬಿಟ್ಟುಹೋಗುವ ಮಗಳೊಬ್ಬಳನ್ನು ಬರೆಯಬೇಕಾಗಿ ಬಂದಾಗ, ಅವಳು ತನ್ನೊಳಗೇ ಹೇಳಿಕೊಳ್ಳಬಹುದಾದ ಕಾರಣಗಳನ್ನು ನಾನು ಅವಳ ಪರವಾಗಿ, ಅವಳು ನಂಬುವಷ್ಟೇ ಗಟ್ಟಿಯಾಗಿ ಕಟ್ಟಬೇಕಾಯಿತು. ಅರೆಮನಸ್ಸಿನಿಂದ ಕಟ್ಟಿದರೆ ಪುಟದ ಮೇಲೆ ಅವಳು ಸಾಯುತ್ತಿದ್ದಳು. ಆ ಕೆಲಸ ಮಾಡಿದ ಮೇಲೆ, ಬೇರೆಯವರ ಮನೆಯ ಸಂಗತಿಗಳ ಬಗ್ಗೆ ತಟಕ್ಕನೆ ತೀರ್ಪು ಕೊಡುವ ನನ್ನ ಹಳೆಯ ಅಭ್ಯಾಸ ಮೊದಲಿನಷ್ಟು ಸಲೀಸಾಗಿ ನಡೆಯಲಿಲ್ಲ.

ಕಥೆ ಓದಿದವರೆಲ್ಲ ಹೀಗೆ ಬೇರೆಯವರನ್ನು ಹೆಚ್ಚು ಅರಿಯುವವರಾಗುತ್ತಾರೆಯೇ? 2013ರಲ್ಲಿ ಡೇವಿಡ್ ಕಿಡ್ ಮತ್ತು ಇಮಾನ್ಯುಯೆಲೆ ಕಸ್ಟಾನೊ, ಸಾಹಿತ್ಯಕ ಕಥೆಯ ಒಂದು ತುಣುಕನ್ನು ಓದಿದ ಕೂಡಲೇ ಇತರರ ಮನಸ್ಸನ್ನು ಗ್ರಹಿಸುವ ಶಕ್ತಿ ಹೆಚ್ಚುತ್ತದೆಂದು ತೋರಿಸಿದಾಗ ಅದು ದೊಡ್ಡ ಸುದ್ದಿಯಾಯಿತು. ಮೂರು ವರ್ಷಗಳ ನಂತರ ಬೇರೆ ತಂಡಗಳು ಅದೇ ಪ್ರಯೋಗವನ್ನು ಮಾಡಿದಾಗ ಆ ಫಲಿತಾಂಶ ಸಿಗಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಮಾಡಿದ 2018ರ ವಿಶ್ಲೇಷಣೆ, ಪರಿಣಾಮ ಇದೆ, ಆದರೆ ಸಣ್ಣದು ಎಂಬಲ್ಲಿಗೆ ಬಂದು ನಿಂತಿತು. ನನಗೆ ಇದರಿಂದ ನಿರಾಶೆಯಾಗಲಿಲ್ಲ. ಹತ್ತು ನಿಮಿಷದ ಓದಿನಿಂದ ಆಗದ್ದು ವರ್ಷಗಟ್ಟಲೆಯ ಸಹವಾಸದಿಂದ ಆಗಬಹುದು, ಮತ್ತು ಅಭಿನವಗುಪ್ತ ಅಭ್ಯಾಸ ಎಂಬ ಮಾತನ್ನು ಸುಮ್ಮನೆ ಬಳಸಲಿಲ್ಲ.

ಈ ಸಹವಾಸಕ್ಕೆ ಅಪಾಯದ ಮುಖವೂ ಇದೆ, ಅದನ್ನು ಮರೆಮಾಚಿ ಬರೆಯುವುದು ಸರಿಯಲ್ಲ. ಜರ್ಮನ್ ಕವಿ ಗಯಟೆ 1772ರಲ್ಲಿ, ಬೇರೊಬ್ಬರಿಗೆ ನಿಶ್ಚಯವಾಗಿದ್ದ ಷಾರ್ಲೊಟ್ಟೆ ಬೂಫ್ ಎಂಬಾಕೆಯನ್ನು ಪ್ರೀತಿಸಿ ನೊಂದಿದ್ದರು. ಅದೇ ವರ್ಷ ಅವರ ಪರಿಚಿತನೊಬ್ಬ ಪ್ರೇಮದ ನಿರಾಶೆಯಲ್ಲಿ ಜೀವ ಕಳೆದುಕೊಂಡ. ಈ ಎರಡನ್ನೂ ಬೆಸೆದು ಅವರು 1774ರಲ್ಲಿ ವೆರ್ಥರ್‌ನ ಕಥೆಯನ್ನು ಪತ್ರಗಳ ರೂಪದಲ್ಲಿ, ಕೆಲವೇ ವಾರಗಳಲ್ಲಿ ಬರೆದರು. ಯುರೋಪಿನ ಯುವಕರು ವೆರ್ಥರ್‌ನ ನೀಲಿ ಕೋಟು, ಹಳದಿ ವೇಸ್ಟ್‌ಕೋಟುಗಳನ್ನೇ ತೊಟ್ಟು ತಿರುಗಿದರು. ಅವನ ಆತ್ಮಹತ್ಯೆಯನ್ನೂ ಕೆಲವರು ಅನುಕರಿಸಿದರೆಂಬ ಭಯ ಹಬ್ಬಿ, 1775ರಲ್ಲಿ ಲೈಪ್‌ಜಿಗ್ ನಗರ ಆ ಪುಸ್ತಕವನ್ನೂ ಆ ಉಡುಪನ್ನೂ ನಿಷೇಧಿಸಿತು. ಗಯಟೆ ತಮ್ಮ ಆತ್ಮಕಥೆಯಲ್ಲಿ ಈ ಬಗ್ಗೆ ಬರೆದದ್ದು ನಮ್ಮ ವಿಷಯಕ್ಕೆ ಬಹಳ ಮುಖ್ಯ. ಬರೆದು ಮುಗಿಸಿದಾಗ ತನಗೆ ಪಾಪನಿವೇದನೆ ಮಾಡಿಕೊಂಡವನಂತೆ ಹಗುರವಾಗಿ, ಹೊಸ ಬದುಕಿಗೆ ಸಿದ್ಧನಾದಂತೆ ಅನಿಸಿತು. ತಾನು ನಿಜವನ್ನು ಕಾವ್ಯವಾಗಿಸಿ ಬಿಡುಗಡೆ ಪಡೆದರೆ, ತನ್ನ ಗೆಳೆಯರು ಕಾವ್ಯವನ್ನು ನಿಜವಾಗಿಸಬೇಕೆಂದು ಗೊಂದಲಕ್ಕೆ ಬಿದ್ದರು ಎಂಬುದು ಅವರ ಮಾತಿನ ಸಾರ.

ಒಂದೇ ಪಾತ್ರ, ಬರೆದವರಿಗೆ ಬಿಡುಗಡೆ, ಕೆಲವು ಓದುಗರಿಗೆ ಬಂಧನ. ವ್ಯತ್ಯಾಸವಿರುವುದು ಕೈಯಾಡಿಸಿದ್ದರಲ್ಲಿ ಎಂದು ನನಗೆ ತೋರುತ್ತದೆ. ಗಯಟೆ ವೆರ್ಥರ್‌ನನ್ನು ಹೊರಗಿನಿಂದಲೂ ನೋಡಬೇಕಾಗಿತ್ತು: ಅವನ ಯಾವ ಪತ್ರ ಎಲ್ಲಿ ಬರಬೇಕು, ಅವನಿಗೆ ಕಾಣದೇ ಹೋದದ್ದು ಓದುಗರಿಗೆ ಹೇಗೆ ಕಾಣಬೇಕು, ಅವನು ಬರೆಯಲಾರದಾದ ಮೇಲೆ ಕಥೆಯನ್ನು ಯಾರು ಮುಂದುವರಿಸಬೇಕು ಎಂದು ಒಂದೊಂದನ್ನೂ ನಿರ್ಧರಿಸಬೇಕಾಗಿತ್ತು. ಹಾಗೆ ನಿರ್ಧರಿಸುತ್ತಿರುವವರು ಪಾತ್ರದ ಒಳಗೂ ಹೊರಗೂ ಏಕಕಾಲದಲ್ಲಿ ಇರುತ್ತಾರೆ. ಕೋಟು ತೊಟ್ಟವರಿಗೆ ಹೊರಗು ಎಂಬುದೇ ಉಳಿದಿರಲಿಲ್ಲ. ದಿನನಿತ್ಯದ ಬದುಕಿನಲ್ಲಿ ಪಾತ್ರದ ನೆರವು ಪಡೆಯುವ ಲೇಖಕರಿಗೂ ಇದೇ ಎಚ್ಚರ ಬೇಕು. ಇವನಾದರೆ ಏನು ನೋಡುತ್ತಿದ್ದ ಎಂದು ಕೇಳಿಕೊಳ್ಳುವುದರಿಂದ ನನಗೆ ಯಾವಾಗಲೂ ಒಳ್ಳೆಯದೇ ಆಗಿದೆ. ಇವನಂತೆಯೇ ಬದುಕಬೇಕು ಎಂದು ಹೊರಟ ದಿನಗಳಲ್ಲಿ ಬದುಕೂ ಕೆಟ್ಟಿದೆ, ಬರವಣಿಗೆಯೂ ಕೆಟ್ಟಿದೆ, ಏಕೆಂದರೆ ಅನುಕರಿಸತೊಡಗಿದ ಮೇಲೆ ಅವನನ್ನು ಪ್ರಶ್ನಿಸುವವರು ಯಾರೂ ಇರುವುದಿಲ್ಲ.

ಕಾದಂಬರಿ ಮುಗಿದ ಮೇಲೆ ಈ ದನಿಗಳು ಏನಾಗುತ್ತವೆ ಎಂದು ಓದುಗರು ಕೇಳುವುದುಂಟು. ನನ್ನ ಮುದುಕನ ದನಿ ಕೊನೆಯ ಕರಡು ತಿದ್ದಿದ ಎರಡು ಮೂರು ವಾರಗಳಲ್ಲಿ ನಿಂತುಹೋಯಿತು. ಅರ್ಧಕ್ಕೆ ನಿಂತಿದ್ದ ಕೆಲಸ ಪೂರ್ಣವಾದ್ದರಿಂದ ಅವನಿಗೆ ಬರಲು ಕಾರಣ ಉಳಿದಿರಲಿಲ್ಲ ಎಂದು ಮೇಲಿನ ವಿವರಣೆಯ ಪ್ರಕಾರ ಹೇಳಬಹುದು. ಆ ವಿವರಣೆ ಗೊತ್ತಿದ್ದರೂ ನಾನು ದುಃಖಪಟ್ಟೆ, ಮತ್ತು ಆ ದುಃಖವನ್ನು ಸಣ್ಣದೆಂದು ನಾನು ಎಂದೂ ಭಾವಿಸಿಲ್ಲ. ಈಗ ಅವನು ಮಾತಾಡುವುದಿಲ್ಲ. ಆದರೆ ಯಾರಾದರೂ ಸಿಟ್ಟಿನಿಂದ ಏನನ್ನಾದರೂ ಹೇಳಿದಾಗ ಉತ್ತರ ಕೊಡುವ ಮೊದಲು ನನ್ನ ಕಣ್ಣೆದುರು ಒಂದು ಬಿಳಿಯ ಬಟ್ಟೆ ಹಾಸಿಕೊಳ್ಳುತ್ತದೆ, ಮತ್ತು ಮೊದಲನೆಯ ಭಾಗವನ್ನು ಅದರ ಎಡತುದಿಯಲ್ಲಿ ಇಡುತ್ತೇನೆ.